ಕಪಾಳಕ್ಕೆ ಹೊಡೆದ ಅನ್ಸೆಲ್ಮೊ ಗಡಿ ದಾಟಿದ್ದು

ಮೋಡಗಳು ಕುರಿಮಂದೆಯ ಹಾಗೆ ಮಲಗುವ ಬೆಟ್ಟಸಾಲಿನ ಈಚೆಗೊಂದು ದೇಶ, ಆಚೆಗೊಂದು ದೇಶ. ಈಚೆಯ ಅರ್ಜೆಂಟೀನಾದಲ್ಲಿ ಅನ್ಸೆಲ್ಮೊ ಎಂಬ ಲಾರಿ ಡ್ರೈವರನಿದ್ದನಂತೆ, ಆಚೆಯ ಚಿಲಿಯಲ್ಲಿ ಯಾಸ್ನಾ ಎಂಬ ಹುಡುಗಿಯಿದ್ದಳಂತೆ. ರಾಜಕುಮಾರನಾಗಿದ್ದರೆ ಏಳು ಸಮುದ್ರ ದಾಟಬೇಕಿತ್ತು. ಇವನು ದಾಟಬೇಕಾಗಿದ್ದು ಒಂದೇ ಒಂದು ಕಿಟಕಿ, ಗಡಿಠಾಣೆಯದು. ಸಮುದ್ರವೇ ವಾಸಿ.

ತೊಂದರೆಗೆಲ್ಲ ಮೂಲ ಒಂದು ಕಪಾಳಮೋಕ್ಷ. ಹಿಂದೊಮ್ಮೆ ಓಣಿಯ ಫುಟ್‌ಬಾಲ್ ಪಂದ್ಯದಲ್ಲಿ, ಚಿನ್ನದಂಥ ಗೋಲನ್ನು ರದ್ದು ಮಾಡಿದ ರೆಫರಿಗೆ ಅನ್ಸೆಲ್ಮೊ ಬಾರಿಸಿದ್ದ. ಜೈಲೇನೂ ಆಗಲಿಲ್ಲ, ಆದರೆ ಅಪರಾಧಿ ಎಂಬ ಹೆಸರು ಸರ್ಕಾರದ ಕಾಗದದಲ್ಲಿ ಜಿಗಣೆಯಂತೆ ಕಚ್ಚಿಕೊಂಡಿತು. ಗಡಿಯಲ್ಲಿ ಅದನ್ನು ನೋಡಿ ತಡೆದಾರೆಂದು ಹೆದರಿ, ಮೂರು ಸಲ ಹಿಮದ ನೆಪ ಹೇಳಿ ಯಾಸ್ನಾಳ ಮನೆಗೆ ಹೋಗುವುದನ್ನು ತಪ್ಪಿಸಿದ್ದ.

"ನಮ್ಮಪ್ಪ ಹಳೇಕಾಲದವರು. ನೀನೇ ಎದುರಿಗೆ ನಿಂತು ಕೇಳ್ಬೇಕು. ಇವತ್ತೂ ಬರದಿದ್ರೆ ಇನ್ಮೇಲೆ ಬರೋದೇ ಬೇಡ," ಎಂದಿದ್ದಳು ಫೋನಿನಲ್ಲಿ.

"ಹೊತ್ತು ಮುಳುಗೋದ್ರೊಳಗೆ ಕೇಳಿರ್ತೀನಿ. ಮಾತು ಅಂದ್ರೆ ಮಾತು!"

ಚಿಲಿಯೊಳಕ್ಕೆ ಹಣ್ಣು ಬಿಡುವುದಿಲ್ಲವಾದ್ದರಿಂದ ಗಡಿಠಾಣೆಯ ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ತಂತಮ್ಮ ಸೇಬುಗಳನ್ನು ಗಬಗಬ ಮುಗಿಸುತ್ತಿದ್ದರು. ಅನ್ಸೆಲ್ಮೊ ತನ್ನದನ್ನೂ ನುಂಗಿ, ಎದೆ ಸೆಟೆಸಿಕೊಂಡು ಕಿಟಕಿಗೆ ಕಾಗದ ತೂರಿಸಿದ.

"ರೆಫರಿಗೆ ಹೊಡೆದವನು ನೀನೇನಾ?" ಅಧಿಕಾರಿ ಗಯಾರ್ದೊನ ಗಂಟಲು ಕಂಚಿನದು. ಇಡೀ ಸಾಲಿಗೆ ಕೇಳಿತು. ಡ್ರೈವರುಗಳು ಚಪ್ಪಾಳೆ ತಟ್ಟಿದರು.

"ಹೌದು ಸಾರ್. ಒಂದೇ ಒಂದು ಏಟು."

"ಪಕ್ಕದಲ್ಲಿ ನಿಂತಿರು. ಕೆಳಗಿನ ತಿರುವಲ್ಲಿ ಹಿಮ ಕುಸಿದಿದೆ, ಹೇಗಿದ್ರೂ ಈಗ ಯಾರೂ ಹೋಗೋ ಹಾಗಿಲ್ಲ."

ದಾರಿ ಮುಚ್ಚಿದಾಗಲೆಲ್ಲ ಶೆಡ್ಡಿನ ಹಿಂದೆ ಪಂದ್ಯ ನಡೆಯಲೇಬೇಕು: ಅಧಿಕಾರಿಗಳು ಒಂದು ಕಡೆ, ಡ್ರೈವರುಗಳು ಒಂದು ಕಡೆ. ರೆಫರಿಯಾಗಲು ಮಾತ್ರ ಯಾರಿಗೂ ಧೈರ್ಯವಿಲ್ಲ.

"ಈ ಪುಣ್ಯಾತ್ಮನಿಗೇ ಸೀಟಿ ಕೊಡ್ರೋ," ಎಂದ ದಪ್ಪ ಡ್ರೈವರ್ ಎವಾರಿಸ್ತೊ. "ರೆಫರಿ ಕಷ್ಟ ಏನು ಅಂತ ಇವನಿಗೂ ಗೊತ್ತಾಗ್ಲಿ!"

ಸೀಟಿ ಅನ್ಸೆಲ್ಮೊನ ಕೊರಳಿಗೆ ಬಿತ್ತು.

ಆಟ ಸಮಸಮವಾಗಿ ಸಾಗಿತು. ಇನ್ನೇನು ಮುಗಿಯಬೇಕು, ಗಯಾರ್ದೊ ಹೊಟ್ಟೆ ಹೊತ್ತುಕೊಂಡು ಗೋಲಿನತ್ತ ಓಡಿದವನು ಮಂಜುಗಡ್ಡೆಯ ಮೇಲೆ ಜಾರಿ ಆಲೂಗಡ್ಡೆ ಮೂಟೆಯಂತೆ ದೊಪ್ಪನೆ ಬಿದ್ದ. ಬಿದ್ದಲ್ಲಿಂದಲೇ ಅನ್ಸೆಲ್ಮೊನ ಕಡೆ ನೋಡಿದ. ಆ ನೋಟದಲ್ಲಿ ಅನ್ಸೆಲ್ಮೊನಿಗೆ ಕಂಡದ್ದು ಮುದ್ರೆ ಬೀಳದ ತನ್ನ ಕಾಗದ, ಅದರ ಹಿಂದೆ ಯಾಸ್ನಾಳ ಮುಖ.

ಸೀಟಿ ಊದಿದ. ಪೆನಾಲ್ಟಿ!

"ಲೇ, ಅವರ ಹತ್ರ ಒಂದು ನಾಯೀನೂ ಇರ್ಲಿಲ್ವಲ್ಲೋ!" ಎವಾರಿಸ್ತೊ ಟೋಪಿ ಕಿತ್ತು ನೆಲಕ್ಕೆ ಬಡಿದ. ಅಷ್ಟರಲ್ಲಿ ಗೋಲಾಯಿತು. ಅಧಿಕಾರಿಗಳು ಗೆದ್ದರು.

ಅನ್ಸೆಲ್ಮೊ ಹಲ್ಲುಕಿರಿಯುತ್ತ ಗಯಾರ್ದೊನ ಬಳಿಗೋಡಿದ. "ಸಾರ್, ನನ್ನ ಕಾಗದ..."

"ಅದಾ? ಬೆಳಿಗ್ಗೇನೇ ಮುದ್ರೆ ಒತ್ತಿ ಇಟ್ಟಿದ್ದೀನಿ. ಒಂದು ಕಪಾಳಕ್ಕೆ ಯಾರಾದ್ರೂ ದೇಶದ ಬಾಗಿಲು ಹಾಕ್ತಾರೇನಪ್ಪಾ?" ಗಯಾರ್ದೊ ಹಿಮ ಕೊಡವಿಕೊಂಡ. "ಅಂದಹಾಗೆ, ಅದು ಪೆನಾಲ್ಟಿ ಅಲ್ಲ. ನಾನೇ ಜಾರಿದ್ದು."

ದಾರಿ ತೆರೆಯಿತು. ಡ್ರೈವರುಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಲಾರಿಯ ರೇಡಿಯೋದಲ್ಲಿ ಹಿಂದಿನ ಲಾರಿಗಳಿಂದ ಬೈಗುಳ ಸುರಿಯತೊಡಗಿದಾಗ ಅನ್ಸೆಲ್ಮೊ ಅದನ್ನು ಆರಿಸಿ, ಹಾಡು ಗುನುಗುತ್ತ ಬೆಟ್ಟವಿಳಿದ. ಬೈದರೆ ಬೈಯಲಿ, ಗಡಿಯಂತೂ ದಾಟಿಯಾಯಿತು.

ಯಾಸ್ನಾಳ ಅಪ್ಪ ದೋನ್ ಬಾಲ್ದೊಮೆರೊ ಬಾಗಿಲಲ್ಲೇ ಕಾದಿದ್ದರು. ಆಯುಷ್ಯವಿಡೀ ಇದೇ ದಾರಿಯಲ್ಲಿ ಲಾರಿ ಓಡಿಸಿದ ಮನುಷ್ಯ. ತೋಳುಗಳು ಟೈರಿನಂತಿದ್ದವು.

"ರೆಫರಿಗೆ ಬಾರಿಸಿದ ಹುಡುಗ ನೀನೇ ತಾನೆ? ಬಾರಪ್ಪಾ ಬಾ! ಮಗಳು ಆ ವಿಷಯ ಹೇಳಿದ ದಿನಾನೇ ನಾನು ಮನಸ್ಸಲ್ಲಿ ಒಪ್ಪಿದ್ದೆ. ಗಂಡಸು ಅಂದ್ರೆ ಹಾಗಿರ್ಬೇಕು. ನೀನು ಬಾಯಿಬಿಟ್ಟು ಕೇಳೋದೊಂದೇ ಬಾಕಿ!" ಎಂದು ಬಾಚಿ ತಬ್ಬಿಕೊಂಡರು. ಅವರ ಬೆನ್ನ ಹಿಂದೆ ಯಾಸ್ನಾ ದೀಪದಂತೆ ನಿಂತಿದ್ದಳು.

ತಬ್ಬಿದವರ ಎದೆಗೆ ಏನೋ ಚುಚ್ಚಿತು. ಎಳೆದು ನೋಡಿದರೆ ಸೀಟಿ.

"ಇದೇನಪ್ಪಾ?"

ಸರಿಯಾಗಿ ಆಗಲೇ, ಲಾರಿ ಬಿಟ್ಟರೂ ಮುದುಕರು ಬಿಡದೆ ಗೂಡಿನಲ್ಲಿಟ್ಟುಕೊಂಡಿದ್ದ ಹಳೆಯ ರೇಡಿಯೋ ಕೆಮ್ಮಿತು. ಎವಾರಿಸ್ತೊನ ದನಿ: "ಎಲ್ಲಾ ಡ್ರೈವರಣ್ಣಂದಿರಿಗೂ ಹೇಳ್ತಿದ್ದೀನಿ! ಸಾಹೇಬರಿಗೆ ಸುಳ್ಳು ಪೆನಾಲ್ಟಿ ಕೊಟ್ಟ ಆ ಅನ್ಸೆಲ್ಮೊ ಅನ್ನೋನು ಎಲ್ಲಾದ್ರೂ ಸಿಕ್ರೆ, ನನ್ನ ಹೆಸರು ಹೇಳಿ ಒಂದು ಬಿಡಿ!"

ಬಾಲ್ದೊಮೆರೊ ಬಿಟ್ಟರು.

ಅನ್ಸೆಲ್ಮೊನ ಕಿವಿಯಲ್ಲಿ ಇಗರ್ಜಿಯ ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದವು. ಹಿಂದೆ ತಾನು ಕೊಟ್ಟಿದ್ದು ಇಷ್ಟು ಉರಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಯಾಸ್ನಾ ಕಣ್ಣು ಮುಚ್ಚಿಕೊಂಡಳು. ಬಾಗಿಲಾಚೆ ಹೊತ್ತು ಪಡುವಣ ಗುಡ್ಡದ ನೆತ್ತಿಯ ಮೇಲೆ ಇನ್ನೂ ಒಂದು ಎಳೆಯಷ್ಟು ಉಳಿದಿತ್ತು.

ಮಾತು ಅಂದರೆ ಮಾತು. ಅನ್ಸೆಲ್ಮೊ ಐದು ಬೆರಳು ಮೂಡಿದ ಕೆನ್ನೆಯನ್ನು ಹಿಡಿದುಕೊಂಡೇ ಎದೆ ಸೆಟೆಸಿ ನಿಂತ.

"ಮಾವ, ನಿಮ್ಮ ಮಗಳನ್ನ ನನಗೆ ಕೊಡ್ತೀರಾ?" ಎಂದು ಕೇಳಿಯೇಬಿಟ್ಟ.