ಹರಿಶ್ಚಂದ್ರ ಸಾಹೇಬರ ಚೆಂಡು

ಚೆಂಡು ತಿರುಗುತ್ತದೋ ಇಲ್ಲವೋ ಎಂಬ ಒಂದು ಮಾತಿನ ಮೇಲೆ ನಿತೇಶನ ಅನ್ನ ನಿಂತಿತ್ತು. ಅಂಕೋಲೆಯ ಸಹಕಾರಿ ಸಂಘದಲ್ಲಿ ಅವನದು ಹಂಗಾಮಿ ಗುಮಾಸ್ತಿಕೆ, ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸಿ ಎಂದು ಶಿಫಾರಸು ಬರೆಯಬೇಕಾದವರು ಮ್ಯಾನೇಜರ್ ಹರಿಶ್ಚಂದ್ರ. ಅವರೇ ಬೆಳಿಗ್ಗೆ ಅವನನ್ನು ಒಳಗೆ ಕರೆದು, ಪಿನ್ ಉರುಳಿಸುವ ಬೌಲಿಂಗ್ ಆಟದ, ಕಲ್ಲಂಗಡಿಯಷ್ಟು ಭಾರದ ಹೊಸ ಚೆಂಡನ್ನು ಕೈಗೆ ಹಾಕಿದ್ದರು.

"ಆನ್‌ಲೈನಲ್ಲಿ ತರ್ಸಿದ್ದು. ವಾಪಸ್ ಮಾಡೂದಾದ್ರೆ ಇವತ್ತು ಐದರೊಳಗೇ ಹೇಳ್ಬೇಕು. ಕಾರವಾರಕ್ಕೆ ಹೋಗಿ ಎಣ್ಣೆ ಹಾಕಿದ ಲೇನಲ್ಲಿ ಎಸ್ದು ನೋಡು. ತಿರುಗ್ತದ್ಯೋ ಇಲ್ವೋ, ಅಷ್ಟೇ ಹೇಳು. ನಾನೇ ಹೋದ್ರೆ ಸುದ್ದಿ ಆಗ್ತದೆ."

ಭಾನುವಾರ ಚೇರ್ಮನ್ ಪರಮೇಶ್ವರರ ಎದುರು ಸಾಹೇಬರ ಪಂದ್ಯವಿದೆಯೆಂದು ಆಫೀಸಿಗೆಲ್ಲ ಗೊತ್ತು. ನಿತೇಶ ಜನ್ಮದಲ್ಲಿ ಎರಡೇ ಸಲ ಬೌಲಿಂಗ್ ಆಡಿದವನು. ಹಾಗಂತ ಹೇಳುವ ಧೈರ್ಯ ಹಂಗಾಮಿ ನೌಕರನಿಗೆ ಎಲ್ಲಿಂದ ಬರಬೇಕು?

ಬಸ್‌ಸ್ಟ್ಯಾಂಡಿನಲ್ಲಿ ನೆರೆಮನೆಯ ಭಾರತಿಯಕ್ಕ ಗಂಟುಬಿದ್ದರು. ಹಟ್ಟಿಕೇರಿಯಲ್ಲಿ ಇಪ್ಪತ್ತು ವರ್ಷ ಖಾನಾವಳಿ ನಡೆಸಿದ ಹೆಂಗಸು. "ಒಬ್ಬನೇ ಹೊತ್ರೆ ಭುಜ ಹೋಗ್ತದೆ ತಮಾ" ಎಂದು ಜೊತೆಗೆ ಬಂದರು. ದಾರಿಯುದ್ದಕ್ಕೂ ಒಮ್ಮೆಯೂ ಚೆಂಡನ್ನು ಮುಟ್ಟಲಿಲ್ಲ.

ಕಾರವಾರದ ಬೌಲಿಂಗ್ ಹಾಲ್‌ನಲ್ಲಿ ಚೆಂಡುರುಳಿಸುವ ಹಲಗೆಯ ಹಾದಿಗಳನ್ನು, ಅಂದರೆ ಲೇನ್‌ಗಳನ್ನು, ನೋಡಿಕೊಳ್ಳುವ ರಾಜು ವಿವರಿಸಿದ: "ಮುಂದಿನ ಮುಕ್ಕಾಲು ಪಾಲು ಎಣ್ಣೆ, ಕೊನೀಗೆ ಒಣ. ಎಣ್ಣೆ ಮೇಲೆ ಜಾರ್ಕಂಡು ಹೋಗಿ ಒಣ ಜಾಗದಲ್ಲಿ ಪಕ್ಕಕ್ಕೆ ತಿರುಗಿದ್ರೆ ಒಳ್ಳೇ ಬಾಲ್. ಕೈ ಹಿಂಗೆ ತಿರುಚಿ ಬಿಡಿ." ಹೇಳಿ ಚಹಕ್ಕೆ ಹೊರಟುಹೋದ.

ನಿತೇಶ ತಿರುಚಿ ಬಿಟ್ಟ. ಚೆಂಡು ದಾರ ಹಿಡಿದಂತೆ ನೆಟ್ಟಗೆ ಹೋಗಿ ಒಂದು ಪಿನ್ ಬೀಳಿಸಿತು. ಹತ್ತು ಸಲ ಎಸೆದರೂ ಅದೇ ಕತೆ. ಸಾಹೇಬರೇ ಆರಿಸಿ ತರಿಸಿದ ಚೆಂಡು ಕೆಟ್ಟದ್ದೆಂದು ಯಾವ ಬಾಯಲ್ಲಿ ಹೇಳುವುದು? ಹೊರಗೆ ಹೋಗಿ ಮುಖ ತೊಳೆದುಕೊಂಡು, ಅರ್ಧ ಗಂಟೆ ಅತ್ತಿಂದಿತ್ತ ಅಡ್ಡಾಡಿದ.

ಮರಳಿ ಬಂದು ಕೊನೆಯದಾಗಿ ಒಮ್ಮೆ ಎಸೆದರೆ, ಚೆಂಡು ಸೊಗಸಾಗಿ ಬಾಗಿ ಹತ್ತಕ್ಕೆ ಹತ್ತೂ ಪಿನ್ ಉರುಳಿಸಿತು. ಮತ್ತೊಮ್ಮೆ ಎಸೆದ, ಮತ್ತೆ ಹತ್ತು. ಐದಾಗುವ ಮೊದಲೇ ಸಾಹೇಬರಿಗೆ ಫೋನು ಹಚ್ಚಿದ.

"ಸರ್, ಭಾರೀ ಚಲೋ ತಿರುಗ್ತದೆ."

"ಹೌದಾ" ಎಂದರು ಸಾಹೇಬರು, ಯಾರೋ ಸತ್ತ ಸುದ್ದಿ ಕೇಳಿದವರಂತೆ. ಫೋನು ಕಟ್ಟಾಯಿತು.

ಐದೂ ಕಾಲಿಗೆ ರಾಜು ಬಂದು ಲೇನಿನ ಮೇಲೆ ಬೆರಳಾಡಿಸಿದ. "ಎಣ್ಣೆ ಎಲ್ಲಿ ಹೋಯ್ತು?"

"ನಾನೇ ಒರೆಸ್ದೆ" ಎಂದರು ಭಾರತಿಯಕ್ಕ, ಮೂಲೆಯ ಮಾಪು ತೋರಿಸುತ್ತ. "ಒಂದ್ಸಲ ನಮ್ಮ ಖಾನಾವಳೀಲಿ ಎಣ್ಣೆ ಚೆಲ್ಲಿ ಗಿರಾಕಿ ಕಾಲು ಮುರ್ಕಂಡಿದ್ದ. ನೆಲದ ಮೇಲೆ ಎಣ್ಣೆ ಕಂಡ್ರೆ ನಂಗೆ ಆಗೂದಿಲ್ಲ."

"ಒರೆಸಿದ್ ಲೇನಲ್ಲಿ ಎಂಥಾ ಬಾಲೂ ತಿರುಗ್ತದೆ" ಎಂದು ರಾಜು ತಲೆ ಚಚ್ಚಿಕೊಂಡ.

ಸುಳ್ಳು ವರದಿ ಭಾನುವಾರ ಹೇಗೂ ಬಯಲಾಗುತ್ತದೆ. ಈಗಲೇ ಒಪ್ಪಿಕೊಳ್ಳುವುದು ವಾಸಿಯೆಂದು ನಿತೇಶ ಮತ್ತೆ ಫೋನು ಹಚ್ಚಿ ಎಲ್ಲ ಹೇಳಿಬಿಟ್ಟ.

"ಅಂದ್ರೆ ತಿರುಗೂದಿಲ್ವಾ?" ಸಾಹೇಬರು ಅಳುವುದೊಂದು ಬಾಕಿ. "ಅದೇ ಬೇಕಾಗಿತ್ತು ಮಾರಾಯಾ. ಎರಡು ವರ್ಷ ಚೇರ್ಮನ್‌ರನ್ನ ಗೆದ್ದೆ, ಎರಡು ವರ್ಷದಿಂದ ನನ್ನ ಪ್ರಮೋಶನ್ ನಿಂತದೆ. ಬೇಕಂತ ಸೋತ್ರೆ ಅವರಿಗೆ ಗೊತ್ತಾಗ್ತದೆ. ಸೋಲೂಕೆ ಬಾಲ್ ತಕಂಡೆ ಅಂತ ಆಫೀಸಲ್ಲಿ ಹೇಳೂಕಾಗ್ತದ್ಯೇ? ನೀ ತಿರುಗ್ತದೆ ಅಂದೆ, ವಾಪಸ್ ಅಂತ ಬರೆದುಬಿಟ್ಟೆ. ಇನ್ನು ರದ್ದು ಮಾಡೂಕೆ ಬರೂದಿಲ್ಲ."

"ಈಗ ಎಂತ ಮಾಡೂದು ಸರ್?"

"ನಂಗೆ ಸೊಂಟನೋವು. ಭಾನುವಾರ ನೀನೇ ಆಡು, ನನ್ನ ಹಳೇ ಬಾಲ್ ತಗ. ಹೆಂಗೆ ಎಸೆದ್ರೂ ಅದು ತನ್ನಷ್ಟಕ್ಕೇ ತಿರುಗಿ ಹತ್ತೂ ಬೀಳಿಸ್ತದೆ, ಗೆಲ್ಲದಂಗೆ ನೋಡ್ಕ. ನಿನ್ನ ಶಿಫಾರಸಿಗೆ ಕೊನೇ ಸಹಿ ಚೇರ್ಮನ್‌ರದೇ."

ನಿತೇಶ ಫೋನಿಟ್ಟು ಬೆಂಚಿನ ಮೇಲೆ ಕೂತ. ಅವನು ಆಡುತ್ತಾನೆಂಬುದಷ್ಟೇ ಕಿವಿಗೆ ಬಿದ್ದಿದ್ದ ಭಾರತಿಯಕ್ಕ ಬೆನ್ನು ಸವರಿದರು.

"ಹೆದರ್ಬೇಡ ತಮಾ. ನೋಡ್ತಿರು, ನೀ ಗೆದ್ದೇ ಗೆಲ್ತೆ."