ಪಡಸಾಲೆಗೆ ಕಂಬಳಿ, ನಡುಮನೆಗೆ ಜಮಖಾನ

ನನ್ನ ನೆನಪಿನ ಮೇಲೆ ನನಗೇ ಅಷ್ಟಾಗಿ ನಂಬಿಕೆಯಿಲ್ಲ. ಜಮಖಾನದ ಪಟ್ಟೆ ಕೆಂಪಗಿತ್ತು ಅಂತ ನೆನಪು ಹೇಳುತ್ತದೆ, ನೀಲಿ ಅಂತ ಆಗ ಬರೆದ ಡೈರಿ ಹೇಳುತ್ತದೆ. ಅದು ತೊಂಬತ್ತೈದನೇ ಇಸವಿಯೋ ತೊಂಬತ್ತಾರೋ ಎಂಬುದರಲ್ಲೂ ಈ ಇಬ್ಬರಿಗೆ ಒಮ್ಮತವಿಲ್ಲ. ಡೈರಿ ಬರೆದವಳೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವಂತಿಲ್ಲ! ಆದರೆ ಒಂದು ಮಾತು ಖಂಡಿತ. ನಾನು ಎಂ.ಎ. ಓದಬೇಕೋ, ಮದುವೆಯಾಗಬೇಕೋ ಅನ್ನುವುದನ್ನು ತೀರ್ಮಾನಿಸಿದ್ದು ನಾನಲ್ಲ, ನಮ್ಮಪ್ಪನೂ ಅಲ್ಲ. ನಮ್ಮ ಸೋದರತ್ತೆ ಪಡಸಾಲೆಯಲ್ಲಿ ಹಾಸಿದ ಒಂದು ಜಮಖಾನ.

ನಗಬೇಡಿ. ನೀವು ನಮ್ಮ ಅತ್ತೆಯನ್ನು ನೋಡಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಕೊಟ್ಟೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳಿರಲಿಲ್ಲ, ಮಾವ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ನಮ್ಮದು ಹಗರಿಬೊಮ್ಮನಹಳ್ಳಿ ಹತ್ತಿರದ ಹಳ್ಳಿಯಾದ್ದರಿಂದ, ಡಿಗ್ರಿ ಓದಲೆಂದು ನಾನು ಮೂರು ವರ್ಷ ಅವಳ ಮನೆಯಲ್ಲಿದ್ದೆ. ನಾನು ಹೋದ ವರ್ಷವೇ ಅವಳು ಹೊಸ ಮನೆ ಕಟ್ಟಿಸಿದ್ದಳು. ಗೋಡೆಗೆ ಯಾವ ಬಣ್ಣ ಹಚ್ಚಲಿ ಅಂತ ಕೇಳಿದರೆ "ಯಾವುದಾರ ಬಳೀರಿ, ಗೋಡಿ ಮ್ಯಾಲೆ ಯಾರು ಕುಂದ್ರತಾರ?" ಅಂದವಳು, ನೆಲದ ಮೇಲೆ ಏನು ಹಾಸಬೇಕು ಅನ್ನುವುದಕ್ಕೆ ಆರು ತಿಂಗಳು ತೆಗೆದುಕೊಂಡಳು! ಕುರ್ಚಿ ಇರಲಿಲ್ಲವೆಂದಲ್ಲ. ಎರಡಿದ್ದವು. ಅವುಗಳ ಮೇಲೆ ವರ್ಷವಿಡೀ ಮಕ್ಕಳ ಪರೀಕ್ಷೆ ಪೇಪರುಗಳು ಕೂತಿರುತ್ತಿದ್ದವು.

ಬಜಾರಿನಲ್ಲಿ ಜಮಖಾನ ಮಾರುವ ಸಾಹೇಬರ ಅಂಗಡಿಗೆ ನಾವು ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಸಾಹೇಬರು ತಾಳ್ಮೆಯ ಮನುಷ್ಯ. ಒಂದೊಂದೇ ಸುರುಳಿ ಬಿಚ್ಚಿ ಹಾಸುವರು.

"ಇದು ಪಡಸಾಲಿಗೆ ಆಕೈತೇನ್ರಿ?"

"ಆಕೈತ್ರಿ ಅವ್ವಾರ."

"ನಡುಮನಿಗೆ?"

"ನಡುಮನಿಗೂ ಆಕೈತ್ರಿ."

"ಎರಡಕ್ಕೂ ಆಗೋದು ಅಂದ್ರ ಯಾವುದಕ್ಕೂ ಆಗಂಗಿಲ್ಲ ಬಿಡ್ರಿ. ಇನ್ನೊಂದು ಬಿಚ್ಚರಿ."

ಬಿಚ್ಚಿದ್ದರ ಮೇಲೆ ಅತ್ತೆ ಚಪ್ಪಲಿ ಕಳಚಿ ನಡೆಯುವಳು. ಕೂರುವಳು. ಒಂದು ದಿನ ನೋಡನೋಡುತ್ತಿದ್ದಂತೆ ಅಂಗಡಿಯಲ್ಲೇ ಉದ್ದಕ್ಕೆ ಮಲಗಿಬಿಟ್ಟಳು! ಬಜಾರಿನಲ್ಲಿ ಓಡಾಡುವವರೆಲ್ಲ ಅವಳ ಶಿಷ್ಯಂದಿರ ಅಪ್ಪ ಅಮ್ಮಂದಿರು. ನಾನು ಮುಖ ಎಲ್ಲಿಡಲಿ? ಸಾಹೇಬರು ಮಾತ್ರ ಗಂಭೀರವಾಗಿ ಕೇಳಿದರು:

"ಅವ್ವಾರ, ದಿಂಬು ಕೊಡಲೇನ್ರಿ?"

"ಬ್ಯಾಡ್ರಿ. ದಿಂಬು ಕೊಟ್ರ ಎಂಥಾ ಜಮಖಾನನೂ ಚಲೋ ಅನಸ್ತೈತಿ."

ಅಂತೂ ಒಂದನ್ನು ತಂದೆವು. ತಂದ ಮೇಲೆ ಹಾಸಿದಳೇ? ಇಲ್ಲ. ಹೊಸ ಜಮಖಾನ ಸೆಟೆದುಕೊಂಡಿರುತ್ತದೆ, ಬಿಗುಮಾನ ಇಳಿಸಬೇಕು ಅಂದಳು. ಹನ್ನೊಂದು ಸಲ ನೆನೆಸಿ ಒಗೆದದ್ದಾಯಿತು. ಒಗೆದವಳು ನಾನು. ಬಿ.ಎ. ಮೊದಲ ವರ್ಷದಲ್ಲಿ ನನಗೆ ಅಂಕಗಳು ಕಡಿಮೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿದೆ ಅಂತ ಈಗಲೂ ವಾದಿಸುತ್ತೇನೆ. ಆದರೆ ಕೊನೆಗೆ ಅದು ಎಷ್ಟು ಮೆತ್ತಗಾಯಿತೆಂದರೆ, ಕೂತವರು ಏಳಲು ಕಾರಣ ಹುಡುಕಬೇಕಾಗುತ್ತಿತ್ತು. ಆ ಮೆದುತನದಲ್ಲಿ ನನ್ನ ರಟ್ಟೆಯ ಪಾಲೂ ಇದೆ.

ಗೃಹಪ್ರವೇಶಕ್ಕೆ ಯಾರೋ ಹುಲಿಯ ಚಿತ್ರದ ಕಾರ್ಪೆಟ್ ಉಡುಗೊರೆ ಕೊಟ್ಟಿದ್ದರು. ಬಾಯಿ ತೆರೆದ ಹುಲಿ. ಅದನ್ನು ಊಟದ ಜಾಗದಲ್ಲಿ ಹಾಸೋಣ ಅಂತ ನಾನು ಅಂದೆ. "ಹುಲಿ ಮ್ಯಾಲೆ ಕುಂತು ಉಣ್ಣಾಕ ನಾವೇನು ಋಷಿಗಳಾ?" ಅಂದಳು. ಮಲಗುವ ಕೋಣೆಗೆ? "ಕಣ್ಣು ಬಿಟ್ಟಕೊಂಡು ಮಲಗಬೇಕಾಕೈತಿ." ಕೊನೆಗೆ ಜೋಳದ ಚೀಲ ಇಡುವ ಕೋಣೆಯಲ್ಲಿ ಹಾಸಿದಳು, ಇಲಿಗಳು ಹೆದರಲಿ ಅಂತ. ಮೂರು ತಿಂಗಳ ಮೇಲೆ ಎತ್ತಿ ನೋಡಿದರೆ ಇಲಿ ಅದರಡಿಯಲ್ಲೇ ಮರಿ ಹಾಕಿತ್ತು. ಸರಿಯಾಗಿ ಹುಲಿಯ ಬಾಯಿಯ ಕೆಳಗೆ!

ಅಡುಗೆಮನೆಗೆ ಗೋಣಿತಟ್ಟು, ಎರಡು ಮಡಿಕೆ. ಒದ್ದೆಯಾದ ಕಡಪ ಕಲ್ಲಿನ ಮೇಲೆ ಅದೊಂದೇ ಜಾರುವುದಿಲ್ಲವಂತೆ. ದೇವರಕೋಣೆಗೆ ಈಚಲ ಚಾಪೆ. ನಡುಮನೆಗೆ ನಾನು ಒಗೆದ ಜಮಖಾನ. ಹೊರಗಿನವರು ಬಂದು ಕೂರುವ ಪಡಸಾಲೆಗೆ ಮಾತ್ರ ಹೊಸ ಕರಿಕಂಬಳಿ. ಕುರಿಯ ಉಣ್ಣೆಯದು, ಹುಣಸೆಬೀಜದ ಅಂಟು ಹಾಕಿ ಬಿಗಿ ಮಾಡಿದ್ದು. ಅದನ್ನು ಒಂದು ಸಲವೂ ಒಗೆಯಲಿಲ್ಲ. ನೀವು ಹೊಸ ಕಂಬಳಿಯ ಮೇಲೆ ಕೂತಿದ್ದೀರಾ? ಧೋತ್ರವಿರಲಿ, ಸೀರೆಯಿರಲಿ, ಪ್ಯಾಂಟೇ ಇರಲಿ, ಅದು ದಾರಿ ಮಾಡಿಕೊಂಡು ಒಳಗೆ ಬಂದು ಚುಚ್ಚುತ್ತದೆ.

ಎರಡನೇ ವರ್ಷದ ಹೊತ್ತಿಗೆ ನನಗೆ ಅನುಮಾನ ಶುರುವಾಯಿತು. ವಿಮೆ ಮಾಡಿಸಿ ಅಂತ ಬರುತ್ತಿದ್ದವರು, ಬೇರೆ ಟೀಚರುಗಳ ಚಾಡಿ ಹೇಳಲು ಬರುತ್ತಿದ್ದವರು, ಎಲ್ಲರೂ ಪಡಸಾಲೆಯ ಕಂಬಳಿಯ ಮೇಲೆ ಕೂರುತ್ತಿದ್ದರು. ಹತ್ತು ನಿಮಿಷ ಆಗುವಷ್ಟರಲ್ಲಿ ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು. ಹದಿನೈದು ನಿಮಿಷಕ್ಕೆ "ಬರ್ತೀವ್ರಿ ಟೀಚರ." ಅತ್ತೆಗೆ ಬೇಕಾದವರು ಬಂದರೆ "ಒಳಗ ಬರ್ರಿ" ಅಂತ ನಡುಮನೆಗೆ ಕರೆಯುತ್ತಿದ್ದಳು. ಅವರು ಊಟ ಮಾಡಿಯೇ ಏಳುತ್ತಿದ್ದರು. ನಾನು ಯಾರು ಎಷ್ಟು ನಿಮಿಷ ಕೂತರು ಅಂತ ಡೈರಿಯಲ್ಲಿ ಬರೆಯತೊಡಗಿದೆ. ಇದಕ್ಕಿಂತ ಶ್ರದ್ಧೆಯ ಸಂಶೋಧನೆಯನ್ನು ನಾನು ಮುಂದೆಂದೂ ಮಾಡಲಿಲ್ಲ.

"ಅತ್ತಿ, ಬ್ಯಾಡಾದ ಮಂದಿ ಲಗೂನ ಎದ್ದು ಹೋಗ್ಲಿ ಅಂತ ಕಂಬಳಿ ಹಾಸೀಯಲ್ಲ?" ಅಂತ ಒಂದು ದಿನ ನೇರವಾಗಿ ಕೇಳಿದೆ.

"ಏನ್ ಹುಡುಗಿ ಇದಾಳವ್ವಾ! ಪಡಸಾಲಿಗೆ ಬೀದಿ ಧೂಳು ಬರ್ತೈತಿ, ಕಂಬಳಿ ಧೂಳು ತಡೀತೈತಿ. ಕೋಣಿಗೆ ತಕ್ಕ ಹಾಸು. ಮಂದಿದೇನೈತಿ ಇದರಾಗ?"

ಆ ಮುಖ ನೋಡಿದರೆ ಯಾರಾದರೂ ನಂಬಬೇಕು. ನಾನೂ ಅರ್ಧ ನಂಬಿದೆ. ಅದಕ್ಕೆ ತಕ್ಕಂತೆ, ಜಮಖಾನದ ಸಾಹೇಬರು ಮಗಳ ಮದುವೆಗೆ ಕರೆಯಲು ಬಂದವರು ಅದೇ ಕಂಬಳಿಯ ಮೇಲೆ ಮುಕ್ಕಾಲು ತಾಸು ಆರಾಮಾಗಿ ಕೂತು, "ಚಲೋ ಮಾಲು ಐತ್ರಿ" ಅಂತ ಸವರಿ ಹೋದರು. ನನ್ನ ಸಿದ್ಧಾಂತ ಅಲ್ಲಿಗೆ ಅಲುಗಾಡಿತು.

ಮೂರನೇ ವರ್ಷದ ಪರೀಕ್ಷೆ ಮುಗಿದು, ಗುಲಬರ್ಗಾದಲ್ಲಿ ಎಂ.ಎ. ಗೆ ಸೀಟು ಸಿಕ್ಕಿದೆ ಅಂತ ಪತ್ರ ಬಂದ ವಾರವೇ ಅಪ್ಪನೂ ಬಂದ. ಹರಪನಹಳ್ಳಿ ಕಡೆಯ ಗಂಡು. ಭಾನುವಾರ ಅತ್ತೆಯ ಮನೆಗೇ ನೋಡಲು ಬರುತ್ತಾರೆ. ನಾನು ಅಳುವ ಮೊದಲೇ ಅಪ್ಪ ಸಮಾಧಾನ ಹೇಳಿದ: "ಮದುವಿ ಆದ ಮ್ಯಾಲೆ ಓದಸ್ತೀವಿ ಅಂದಾರ. ಅವರ ಬಾಯಿಂದನ ಬಂದೈತಿ. ಇನ್ನೇನು ಬೇಕು ನಿನಗ?" ಕೊಟ್ಟ ಮಾತು ಅಂದರೆ ಅಪ್ಪನಿಗೆ ಬಂಡೆಯ ಮೇಲೆ ಕೊರೆದದ್ದು. ಅದನ್ನು ಅಳಿಸುವ ಶಕ್ತಿ ನನ್ನ ಕಣ್ಣೀರಿಗೆ ಇರಲಿಲ್ಲ.

ಅತ್ತೆಯ ಕೈ ಹಿಡಿದುಕೊಂಡೆ. "ಅತ್ತಿ, ಕಂಬಳಿ ಇರಲಿ. ತೆಗೀಬ್ಯಾಡ. ಹದಿನೈದು ನಿಮಿಷದಾಗ ಎದ್ದು ಹೋಗ್ಲಿ."

"ಕಂಬಳಿ ಹಾಸಿದ್ರ ಮಂದಿ ಎದ್ದು ಹೋಗ್ತಾರಂತ ನಿನಗ ಯಾರು ಹೇಳ್ಯಾರ?" ಅಂದಳು.

ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಅತ್ತೆ ಕಂಬಳಿ ಸುತ್ತಿ ಮೂಲೆಗೆ ನಿಲ್ಲಿಸಿದ್ದಾಳೆ! ನಡುಮನೆಯ ಜಮಖಾನ ಪಡಸಾಲೆಗೆ ಬಂದಿದೆ. ಮೂರು ವರ್ಷದಲ್ಲಿ ಅದು ತನ್ನ ಕೋಣೆ ಬಿಟ್ಟು ಬಂದದ್ದು ಅದೇ ಮೊದಲು. ಗೋಡೆಗೆ ಒರಗಿಕೊಳ್ಳಲು ಎರಡು ಲೋಡು ಬೇರೆ. ಹಾಗಾದರೆ ಇವಳಿಗೂ ನಾನು ಹೋಗುವುದು ಬೇಕಾಗಿದೆಯೇ? ಅಥವಾ ಗುಲಬರ್ಗಾಕ್ಕಿಂತ ಹರಪನಹಳ್ಳಿ ಹತ್ತಿರ, ವಾರಕ್ಕೊಮ್ಮೆ ಬರುತ್ತಾಳೆ ಅಂತ ಲೆಕ್ಕ ಹಾಕಿದಳೇ? ಆ ದಿನ ಡೈರಿಯಲ್ಲಿ ಅತ್ತೆಯ ಬಗ್ಗೆ ಬರೆದ ಮಾತುಗಳನ್ನು ಆಮೇಲೆ ಹೊಡೆದು ಹಾಕಿದ್ದೇನೆ. ಒಳ್ಳೆಯದೇ ಆಯಿತು.

ಬಂದವರು ಮೂವರು: ಗಂಡು, ಅವನ ಅಪ್ಪ, ಅವನ ಅಜ್ಜಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಆಯಿತು. ಗಂಡಿನ ಅಪ್ಪ ಮೊದಲ ಹತ್ತು ನಿಮಿಷದಲ್ಲೇ "ಎಷ್ಟು ಬೇಕಾದ್ರೂ ಓದ್ಲಿ ಬಿಡ್ರಿ, ನಮ್ಮದೇನು ಅಡ್ಡಿ ಇಲ್ಲ" ಅಂದರು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಏರಿಸಿದ. ಕಂಬಳಿಯಾಗಿದ್ದರೆ ಮಾತು ಅಲ್ಲಿಗೆ ಮುಗಿದು, ಅವರು ಕೆರೆದುಕೊಳ್ಳುತ್ತ ಎದ್ದು, ತಾರೀಖು ಗೊತ್ತು ಮಾಡಿ ಹೋಗುತ್ತಿದ್ದರು.

ಆದರೆ ಅದು ಹನ್ನೊಂದು ಸಲ ಒಗೆದ ಜಮಖಾನ. ಯಾರೂ ಏಳಲಿಲ್ಲ. ಅತ್ತೆ ಎರಡನೇ ಸಲ ಚಹಾ ತಂದಳು. ಗಂಡಿನ ಅಪ್ಪ ಲೋಡಿಗೆ ಒರಗಿದರು. ಸ್ವಲ್ಪ ಹೊತ್ತಿಗೆ ಬಾಯಿ ಅರ್ಧ ತೆರೆದು ನಿದ್ದೆ ಹೋದರು. ಅಜ್ಜಿ ಕಾಲು ಉದ್ದಕ್ಕೆ ಚಾಚಿದಳು, ಎಲೆ ಅಡಿಕೆ ಹಾಕಿಕೊಂಡಳು, ಜಮಖಾನ ಸವರಿದಳು. ಅತ್ತೆ ಅವಳ ಪಕ್ಕದಲ್ಲೇ ಕೂತು, "ಮನಿ ಕಡೆ ಎಲ್ಲಾ ಆರಾಮೇನ್ರಿ?" ಅಂತ ಅಷ್ಟೇ ಕೇಳಿದ್ದು.

"ಏನ್ ಆರಾಮವ್ವಾ! ಎಂಟು ಎಮ್ಮೆ ಅದಾವೆ. ನನಗೆ ಮೈ ಬಗ್ಗಲ್ಲ. ಅದಕ್ಕೇ ಲಗ್ನ ಬೇಗ ಮಾಡ್ರಿ ಅಂದಿದ್ದು."

"ಹುಡುಗಿ ಓದಬೇಕು ಅಂತಾಳಲ್ರಿ."

"ಏ, ಓದು ಗೀದು ಎಲ್ಲೀದು ಬಿಡವ್ವ. ಒಂದು ವರ್ಷ ಹೂಂ ಹೂಂ ಅಂದ್ರೆ ತಾನೇ ಮರೀತಾಳೆ."

ಗಂಡು ಖಾಲಿ ತಟ್ಟೆಯಲ್ಲಿ ಮಂಡಕ್ಕಿ ಹುಡುಕತೊಡಗಿದ. ತಡೆಯಬೇಕಾದ ಅವನ ಅಪ್ಪ ಗೊರಕೆಯ ಆಚೆ ದಡದಲ್ಲಿದ್ದರು. ನಮ್ಮಪ್ಪನ ಕೈಯ ಕಪ್ಪು ಬಾಯಿಯ ಹತ್ತಿರ ಬಂದು ನಿಂತೇಬಿಟ್ಟಿತು. ಅಪ್ಪ ಅದನ್ನು ಕೆಳಗಿಟ್ಟು ಕೇಳಿದ:

"ಎಂಟೂ ಹಿಂಡ್ತಾವೇನ್ರಿ?"

"ಐದು ಹಿಂಡ್ತಾವೆ. ಮೂರು ಗಬ್ಬ" ಅಂದಳು ಅಜ್ಜಿ, ಹೆಮ್ಮೆಯಿಂದ.

ಅವರು ಹೋದ ಮೇಲೆ ಅಪ್ಪ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದ. ಒಳಗೆ ಬಂದು ಗೋಡೆಯ ಕಡೆ ಮುಖ ಮಾಡಿ, "ಅಕ್ಕಾ, ಗುಲಬರ್ಗಾ ಬಸ್ಸು ಎಷ್ಟೊತ್ತಿಗೈತಿ?" ಅಂದ.

ನಾನು ಅತ್ತೆಯನ್ನು ಅಡುಗೆಮನೆಯ ಗೋಣಿತಟ್ಟಿನ ಮೇಲೆ ಅಡ್ಡಗಟ್ಟಿದೆ. "ಬೇಕಂತಲೇ ಜಮಖಾನ ಹಾಸಿದಿ ಅಲ್ಲ?"

"ಹೆಣ್ಣು ನೋಡಾಕ ಬಂದವರಿಗೆ ಕಂಬಳಿ ಹಾಸಾಕ ಆಕೈತೇನು? ಮರ್ಯಾದಿ ಬ್ಯಾಡಾ? ಸರಿ ಅತ್ತಾಗ, ಹಾಲು ಉಕ್ಕತೈತಿ" ಅಂದಳು. ಒಲೆಯ ಮೇಲೆ ಹಾಲು ಇರಲಿಲ್ಲ ಅಂತ ನನ್ನ ನೆನಪು.

ಹೊರಡುವ ದಿನ ಬೆಳಿಗ್ಗೆ ನಡುಮನೆಗೆ ಬಂದರೆ, ಮೂರು ವರ್ಷ ನಾನು ಕೂತು ಓದಿದ, ಉಂಡ, ಮಲಗಿದ ಜಾಗದಲ್ಲಿ ಕರಿಕಂಬಳಿ! ಶುಭಕ್ಕೆ ಕಂಬಳಿಯ ಮೇಲೆ ಕೂರಿಸುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಹೇಳಿದ್ದೂ ಅದನ್ನೇ. ಕೂರಿಸಿ ಕುಂಕುಮ ಹಚ್ಚಿ, ಬಾಯಿಗೆ ಸಕ್ಕರೆ ಹಾಕಿದಳು. ನನಗೆ ಅವಳ ಮಡಿಲಲ್ಲಿ ಮುಖ ಹುದುಗಿಸಿ ಅಳಬೇಕು, ಬಸ್ಸು ತಪ್ಪಿಸಿಕೊಳ್ಳಬೇಕು ಅನ್ನಿಸುತ್ತಿತ್ತು. ಕೂರುವುದಕ್ಕಾದರೆ ತಾನೆ! ಹತ್ತು ನಿಮಿಷಕ್ಕೆ ಎದ್ದುಬಿಟ್ಟೆ. ಆ ದಿನದ ಡೈರಿಯಲ್ಲಿ ಎರಡೇ ಮಾತುಗಳಿವೆ: "ಕಂಬಳಿ. ಚುಚ್ಚಿತು."

ಹಾಸ್ಟೆಲಿನಲ್ಲಿ ಹಾಸಿಗೆಯ ಸುರುಳಿ ಬಿಚ್ಚಿದೆ. ಅತ್ತೆಯೇ ಕಟ್ಟಿಕೊಟ್ಟದ್ದು. ಒಳಗೆ ಜಮಖಾನ ಇತ್ತು.

ದಸರಾ ರಜೆಗೆ ಹೋದಾಗ ನಡುಮನೆಯ ನೆಲ ಬರಿಗಲ್ಲು. ಏನೂ ಹಾಸಿಲ್ಲ ಯಾಕೆ ಅಂದರೆ, "ಈ ಕೋಣಿಗೆ ತಕ್ಕದ್ದು ಇನ್ನೂ ಸಿಕ್ಕಿಲ್ಲ, ಹುಡುಕಾಕ ಹತ್ತೀನಿ" ಅಂದಳು. ಮುಂದಿನ ರಜೆಯಲ್ಲೂ ಅದೇ ಮಾತು. ಬಜಾರಿನಲ್ಲಿ ಸಿಕ್ಕ ಸಾಹೇಬರನ್ನು ಕೇಳಿದೆ. "ಟೀಚರವ್ವಾರು ನಮ್ಮ ಅಂಗಡಿ ಮೆಟ್ಟಿಲು ಹತ್ತೇ ಇಲ್ಲಲ್ರಿ" ಅಂದರು.

ಇದೆಲ್ಲ ಆಗಿ ಹತ್ತು ವರ್ಷದ ಮೇಲಾಯಿತು. ಹೋದ ಸಲ ಕೊಟ್ಟೂರಿಗೆ ಹೋದಾಗ, ನಡುಮನೆಯ ಬರಿಗಲ್ಲಿನ ಮೇಲೆ ಕೂತು ಕೇಳಿಯೇಬಿಟ್ಟೆ. ಅತ್ತೆ ನನ್ನ ಮುಖ ನೋಡಲಿಲ್ಲ, ನಾನು ಕೂತ ಜಾಗ ನೋಡಿದಳು. "ಏಳು, ನೆಲ ತಂಪೈತಿ, ಏನರ ಹಾಸ್ತೀನಿ" ಅಂತ ಒಳಗೆ ಹೋದಳು. ಹಾಸಲು ತಂದಳು, ಊಟಕ್ಕೆ ಬಡಿಸಿದಳು, ಬಸ್ಸಿನ ತನಕ ಬಂದಳು. ಉತ್ತರ ಮಾತ್ರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಅವತ್ತು ನನಗ ಕಂಬಳಿ ಹಾಸಿದ್ದು ಶಾಸ್ತ್ರಕ್ಕೋ, ಇಲ್ಲಾ ಕುಂತರ ನಾ ಏಳಂಗಿಲ್ಲ, ನೀ ಕಳಸಂಗಿಲ್ಲ ಅಂತೋ?"