ಅತ್ತೆಯ ಊಹೆ, ನನ್ನ ಪರೀಕ್ಷೆ

ಗಿರಾಕಿ ಬಾಯಿ ತೆರೆಯುವ ಮೊದಲೇ ಅವನಿಗೇನು ಬೇಕೆಂದು ತೀರ್ಮಾನಿಸುವ ಅಧಿಕಾರವನ್ನು ನಮ್ಮ ಅತ್ತೆಗೆ ಯಾರು ಕೊಟ್ಟರೋ, ನನಗಂತೂ ಗೊತ್ತಿಲ್ಲ! ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ವಡೋದರಾದ ಫತೇಗಂಜ್‌ನಲ್ಲಿ ಅವರದೊಂದು ಪುಟ್ಟ ಉಡುಪಿ ಹೋಟೆಲು. ಮಾವ ತೀರಿಕೊಂಡ ಮೇಲೆ ಗಲ್ಲಾದಲ್ಲಿ ಕೂರುವವರು ಅವರೇ. ಓದಲೆಂದು ಬಂದ ನಾನು ಅವರ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಕಾಲೇಜು ಬಿಟ್ಟಿತೆಂದರೆ ಬಾಗಿಲವರೆಗೂ ಜನ. ಆಗ ಯಾರಾದರೂ ಮೆನು ಹಿಡಿದು ಯೋಚಿಸುತ್ತ ಕೂತರೆ ಅತ್ತೆ ಸಹಿಸುವವರಲ್ಲ. ಮುಖ ನೋಡಿ ಒಳಗೆ ಕೂಗುವುದೇ: "ಆ ಕನ್ನಡಕದವರಿಗೆ ಒಂದು ಮಸಾಲೆ!"

ಊಹೆ ಸರಿಯಿರುತ್ತಿತ್ತೇ? ಎಲ್ಲಿಯ ಮಾತು! ಈರುಳ್ಳಿಯನ್ನೇ ಮುಟ್ಟದ ಜೈನ ಕುಟುಂಬಕ್ಕೆ ಈರುಳ್ಳಿ ಉತ್ತಪ್ಪ ಹೋಗಿ, ಹಾಗೆಯೇ ಪಕ್ಕದ ಮೇಜಿಗೆ ಸಾಗಿದ್ದುಂಟು. ಕರೆಂಟ್ ಮೀಟರ್ ನೋಡಲು ಬಂದವನ ಮುಂದೆಯೂ ಇಡ್ಲಿ ವಡೆ! "ಬೇನ್, ಮೀಟರ್..." ಎಂದ ಪಾಪ. "ಪೆಹಲೇ ಖಾವೋ ಭಾಯಿ!" ಮೊದಲು ತಿನ್ನು ಎಂದು ಅತ್ತೆಯ ಅಪ್ಪಣೆ. ತಿಂದ. ಮತ್ತೊಮ್ಮೆ ಸಾಂಬಾರನ್ನೂ ಕೇಳಿ ಹಾಕಿಸಿಕೊಂಡ.

ನಾನೋ, ತದ್ವಿರುದ್ಧ. ಖಚಿತವಾಗದೆ ಏನನ್ನೂ ಮಾಡದವಳು. ಎಂಬಿಎ ಸೇರಲು ಬರೆದ ಕಂಪ್ಯೂಟರ್ ಪರೀಕ್ಷೆಯಲ್ಲಿ ಅದೇ ನನಗೆ ಮುಳುವಾಯಿತು. ಅದೊಂದು ವಿಚಿತ್ರ ಪರೀಕ್ಷೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು, ತಪ್ಪಾದರೆ ಸುಲಭದ್ದು. ಏನಾದರೊಂದು ಒತ್ತದೆ ಮುಂದಕ್ಕೆ ಬಿಡುವುದೇ ಇಲ್ಲ. ಕೊನೆಗೆ ಮುಟ್ಟದೆ ಉಳಿದ ಪ್ರಶ್ನೆಗಳಿಗೆ ತಪ್ಪು ಉತ್ತರಕ್ಕಿಂತ ದೊಡ್ಡ ಪೆಟ್ಟು! ನಾನು ಒಂದೇ ಲೆಕ್ಕಕ್ಕೆ ಅಂಟಿಕೊಂಡು ಕೂತೆ. ಸಮಯ ಮುಗಿಯಿತು. ಉಳಿದವುಗಳ ಮುಖವನ್ನೂ ನೋಡಲಿಲ್ಲ.

ಅಳುತ್ತ ಬಂದ ನನ್ನನ್ನು ಕಂಡು ಅತ್ತೆ, "ಎಂಥ ಮಾರಾಯ್ತಿ! ಗೊತ್ತಿಲ್ಲದಿದ್ರೆ ಯಾವುದೋ ಒಂದು ಒತ್ತಿ ಮುಂದೆ ಹೋಗುದಲ್ವಾ?" ಎಂದರು.

"ತಪ್ಪಾದ್ರೆ?"

"ತಪ್ಪಾದ್ರೆ ಒಂದು ದೋಸೆ ವಾಪಸ್ ಬರ್ತದೆ. ಅಲ್ಲೇ ನಿಂತ್ರೆ ಹಿಂದಿನವ್ರೆಲ್ಲ ಎದ್ದು ಹೋಗ್ತಾರೆ!"

ಮರುದಿನದಿಂದ ರಶ್ಶಿನ ಹೊತ್ತಿಗೆ ನನ್ನನ್ನೇ ಗಲ್ಲಾದಲ್ಲಿ ಕೂರಿಸಿದರು. ಮುಖ ನೋಡು, ಕೂಗು! ನಾನು ಬೆವರುತ್ತ ಕಾಫಿಗೆ ಬಂದವರಿಗೆ ಪೂರಿ ಕಳಿಸಿದೆ. ಅವರು ಗೊಣಗುತ್ತಲೇ ತಿಂದರು.

ಎರಡನೇ ಸಲದ ಪರೀಕ್ಷೆ ಅಹಮದಾಬಾದಿನಲ್ಲಿ. ಇದೂ ಕೈಕೊಟ್ಟರೆ ಆ ವರ್ಷದ ಸೀಟಿನ ಆಸೆ ಬಿಡಬೇಕಿತ್ತು. ಅತ್ತೆ ಹೋಟೆಲಿಗೆ ಬೀಗ ಹಾಕಿ ಜೊತೆಗೇ ಹೊರಟರು! ಕೊನೆಯಲ್ಲಿ ಮತ್ತೆ ಸಮಯ ಸಾಲದಾಯಿತು. ಅರ್ಧಂಬರ್ಧ ಓದಿ, ಇದೇ ಇರಬೇಕೆಂದು ಒತ್ತಿದೆ, ಇನ್ನೊಂದು ಒತ್ತಿದೆ, ಮುಗಿಸಿಯೇಬಿಟ್ಟೆ. ಪರದೆಯ ಮೇಲೆ ಅಂಕ ಬಂತು. ಬೇಕಾದಷ್ಟಿತ್ತು!

ಹೊರಗೆ ಕಾಯುತ್ತಿದ್ದ ಅತ್ತೆಯನ್ನು ಅಪ್ಪಿಕೊಂಡು, "ಅಹಮದಾಬಾದಿನ ಕಾಲೇಜೇ ಸಿಗ್ತದೆ ಅತ್ತೆ!" ಎಂದು ಕುಣಿದೆ. ಅವರೂ ಜೋರಾಗಿ ನಕ್ಕರು. ಆಟೋದಲ್ಲಿ ಕೂತ ಮೇಲೆ ತಿರುಗಿ ನೋಡಿದರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ.

"ಇನ್ನು ರಾತ್ರಿ ಊಟಕ್ಕೆ ನಾನೊಬ್ಳೇ ಅಲ್ವಾ ಮಗಾ," ಎಂದರು.

ನನಗೂ ಅಳು ಬಂತು. "ಪ್ರತಿ ಭಾನುವಾರ ಬರ್ತೇನೆ ಅತ್ತೆ."

"ಭಾನುವಾರ ಬೇಡ, ಹೋಟೆಲಲ್ಲಿ ರಶ್ಶು. ನಿನ್ನ ಹತ್ರ ಮಾತಾಡ್ಲಿಕ್ಕೆ ಪುರುಸೊತ್ತು ಸಿಕ್ಕುದಿಲ್ಲ," ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. "ಶನಿವಾರ ರಾತ್ರಿಗೇ ಬಾ. ಒಟ್ಟಿಗೆ ಊಟ ಮಾಡುವ."